ಕಾಲು ಮುಂದಾಗಿ ಹುಟ್ಟಿದವಳು

ಮಾರ್ಚ್ ೫, ಗುರುವಾರ

ಅಳತೆ ಪುಸ್ತಕದ ಮುಂದಿನ ಹಾಳೆಗಳಲ್ಲಿ ಹಳದೀಪುರದ ಹೆಂಗಸರ ಎದೆ, ಸೊಂಟ, ತೋಳಿನ ಇಂಚುಗಳಿವೆ. ಹಿಂದಿನ ಹಾಳೆಗಳು ನನ್ನವು. ಬಾಯಿಬಿಟ್ಟು ಹೇಳಿದರೆ ಜಗಳವಾಗುವಂಥದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ. ಆಮೇಲೆ ಹೊಲಿಗೆ ನೆಟ್ಟಗೆ ಹೋಗುತ್ತದೆ.

ಇವತ್ತಿನ ಸಿಟ್ಟು ಮಹಾರಾಣಿಯ ಮೇಲೆ. ಮಹಾರಾಣಿ ಎಂದರೆ ನನ್ನ ಹಿರಿ ವಾರಗಿತ್ತಿ ಉಮಕ್ಕ, ನನ್ನ ಗಂಡನ ಅಣ್ಣ ಸುಬ್ಬ ಭಾವನ ಹೆಂಡತಿ. ಒಂದೇ ಅಂಗಳ, ಎರಡು ಮನೆ. ಅತ್ತೆ ಮಧ್ಯಾಹ್ನ ಅಲ್ಲಿ ಉಂಡರೆ ಸಂಜೆ ಇಲ್ಲಿ ಉಣ್ಣುತ್ತಾರೆ. ಉಮಕ್ಕನ ಮಗಳು ರಂಜಿತಾಗೆ ಮಿರ್ಜಾನದ ಹುಡುಗ ಗೊತ್ತಾಗಿದ್ದಾನೆ. ಏಪ್ರಿಲ್ ಇಪ್ಪತ್ತಾರಕ್ಕೆ ನಿಶ್ಚಿತಾರ್ಥ.

ಇಪ್ಪತ್ತೊಂದು ವರ್ಷದಿಂದ ಈ ಊರಿನ ಅರ್ಧ ಹೆಂಗಸರ ಮೈ ನನ್ನ ಕೈಯಲ್ಲಿದೆ. ರಂಜಿತಾಳ ಮೊದಲ ಹುಟ್ಟುಹಬ್ಬದ ಫ್ರಾಕು ಹೊಲಿದವಳು ನಾನು. ಈಗ ನಿಶ್ಚಿತಾರ್ಥದ ರವಿಕೆಯನ್ನು ಮಹಾರಾಣಿ ಕುಮಟಾಕ್ಕೆ ಕೊಟ್ಟು ಬಂದಿದ್ದಾಳೆ. ಬುಟೀಕ್ ಅಂತೆ. ಬೆನ್ನಿಗೆ ನವಿಲು ಕೂರಿಸಿಕೊಡುತ್ತಾರಂತೆ. ನನಗೆ ನವಿಲು ಬರುವುದಿಲ್ಲ ಎಂದು ಅವಳಿಗೆ ಹೇಳಿದವರು ಯಾರು? ಕೇಳಿದ್ದರೆ ನವಿಲಿನ ಜೊತೆ ಅದರ ಮೊಟ್ಟೆಯನ್ನೂ ಕೂರಿಸಿಕೊಡುತ್ತಿದ್ದೆ.

“ಒಂದು ರವ್ಕೆಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?” ಅಂದರು ಅತ್ತೆ. ಅವರಿಗೆ ಗೊತ್ತಾಗುವುದಿಲ್ಲ. ನಾಳೆ ಊರವರು ಕೇಳುತ್ತಾರೆ, ನಿಮ್ಮ ಮನೆಯಲ್ಲೇ ಟೈಲರ್ ಇದ್ದಾಳಲ್ಲ, ಯಾಕೆ ಕುಮಟಾ ಅಂತ. ಆಗ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಮಾರ್ಚ್ ೮, ಭಾನುವಾರ

ಬೆಳಿಗ್ಗೆ ಏಳಕ್ಕೆ ಮಹಾರಾಣಿ ಸೊಂಟ ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದಳು. ಬರಲೇಬೇಕಲ್ಲ, ನವಿಲಿನವರಿಗೆ ಈ ವಿದ್ಯೆ ಎಲ್ಲಿಂದ ಬರಬೇಕು?

ನಾನು ಕಾಲು ಮುಂದಾಗಿ ಹುಟ್ಟಿದವಳು. ತಲೆಯ ಬದಲು ಕಾಲು ಮೊದಲು ಹೊರಗೆ ಬಂದವರು ಪಾದ ತಾಗಿಸಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೆ ಏಳು ವರ್ಷವಿದ್ದಾಗಿನಿಂದ ಜನ ನನ್ನ ಕಾಲು ಹುಡುಕಿಕೊಂಡು ಬರುತ್ತಿದ್ದಾರೆ. ಹೊನ್ನಾವರದಿಂದ ಬಂದಿದ್ದಾರೆ. ಒಬ್ಬರು ಮುಟ್ಟಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ನೋವಿನವರು ಹೊಸ್ತಿಲಿಗೆ ಅಡ್ಡ ಬೋರಲು ಮಲಗಬೇಕು. ನಾನು ನೋವಿನ ಜಾಗಕ್ಕೆ ಎಡಗಾಲಿನಿಂದ ಮೂರು ಸಲ ತಾಗಿಸಬೇಕು. ಕಾಸು ಮುಟ್ಟುವಂತಿಲ್ಲ. ಜನ ಒದೆಯುವುದು ಅನ್ನುತ್ತಾರೆ, ಆದರೆ ಅದು ಒದೆಯಲ್ಲ, ಔಷಧಿ.

“ನಾಕು ದಿನ ಆತು ಕಲ್ಪನಾ,” ಅಂದಳು. “ಬಾವಿಕಟ್ಟೆಲಿ ಕೊಡ ಎತ್ತೂವಾಗ ಬಲಪಕ್ಕೆಲಿ ಎಂತದೋ ಹಿಡಕಂತು. ಉಚ್ಚೆನೂ ಕೆಂಪಗೆ ಹೋಗ್ತದೆ.”

“ಅದು ಉಷ್ಣ ಉಮಕ್ಕ. ಮುರುಗಲ ಪಾನಕ ಮಾಡ್ಕಂಡು ಕುಡಿ. ಈ ಬಿಸಿಲಿಗೆ ಯಾರಿಗೆ ಕೆಂಪಗೆ ಹೋಗೂದಿಲ್ಲ?” ಅಂದೆ.

ಹೊಸ್ತಿಲಿಗೆ ಅಡ್ಡ ಮಲಗಿಸಿ ಮೂರು ಸಲ ಪಾದ ತಾಗಿಸಿದೆ. ಸ್ವಲ್ಪ ಕೂಗಿದಳು. ಎಲ್ಲರೂ ಕೂಗುತ್ತಾರೆ. ಹಿರಿಯರಾದರೆ ಆಮೇಲೆ ಅವರ ಕಾಲಿಗೆ ನಮಸ್ಕಾರ ಮಾಡಬೇಕೆಂದಿದೆ. ಮನಸ್ಸಿಲ್ಲದಿದ್ದರೂ ಮಾಡಿದೆ. ಎದ್ದು ನಿಂತು “ಈಗ ಅಡ್ಡಿಲ್ಲ” ಅಂದಳು. ರವಿಕೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ ೯, ಸೋಮವಾರ

ಹನ್ನೊಂದು ಗಂಟೆಯಿರಬಹುದು. ಬಚ್ಚಲಿನಿಂದ ಬಂದು ಜಗಲಿಯಲ್ಲಿ ಕೂತ ಉಮಕ್ಕ ಹಾಗೇ ಗೋಡೆಗೆ ಒರಗಿಬಿಟ್ಟಳು. ಮುಖ ಸುಣ್ಣದ ಹಾಗೆ ಬೆಳ್ಳಗೆ. ಕೈ ಮುಟ್ಟಿದರೆ ತಣ್ಣಗೆ ಬೆವರು. ರಂಜಿತಾ ಬಚ್ಚಲಿಗೆ ಓಡಿದವಳು ಕೂಗಿಕೊಂಡಳು. ನಾನೂ ಹೋಗಿ ನೋಡಿದೆ. ಅಲ್ಲಿದ್ದದ್ದು ಉಚ್ಚೆಯಲ್ಲ, ರಕ್ತವೇ. ಗಟ್ಟಿ ಗಟ್ಟಿ ಹೆಪ್ಪು.

ಇವರೂ ಭಾವನೂ ರಿಕ್ಷಾಕ್ಕೆ ಎತ್ತಿ ಹಾಕಿ ಹೊನ್ನಾವರಕ್ಕೆ ಒಯ್ದರು. ಅಲ್ಲಿ ಸಲಾಯಿನ್ ಏರಿಸಿ, ಇದು ನಮ್ಮಲ್ಲಿ ಆಗುವಂಥದ್ದಲ್ಲ ಎಂದು ಆಂಬ್ಯುಲೆನ್ಸಿನಲ್ಲಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿದರಂತೆ. ಭಟ್ಕಳ ದಾಟಿದೆವು ಎಂದು ಇವರು ಎರಡೂವರೆಗೆ ಫೋನ್ ಮಾಡಿದರು. ನಾನು ಬಚ್ಚಲು ತೊಳೆದೆ. ನಾಲ್ಕು ಸಲ ತೊಳೆದೆ.

ಮಾರ್ಚ್ ೧೦, ಮಂಗಳವಾರ

ಬಲಗಡೆಯ ಮೂತ್ರಪಿಂಡದಲ್ಲಿ ಕೊಬ್ಬಿನ ಗಡ್ಡೆ ಇತ್ತಂತೆ. ನಿಂಬೆಹಣ್ಣಿಗಿಂತ ದೊಡ್ಡದು. ಎಷ್ಟು ವರ್ಷದಿಂದ ಇತ್ತೋ, ಅದಕ್ಕೆ ನೋವಿಲ್ಲ ಏನಿಲ್ಲ. ಅದು ಒಡೆದು ಒಳಗೆಲ್ಲ ರಕ್ತ ತುಂಬಿಕೊಂಡಿದೆಯಂತೆ. ಆರು ಬಾಟಲಿ ರಕ್ತ ಹಾಕಿದ್ದಾರೆ. ತೊಡೆಯ ಸಂದಿಯಿಂದ ಸಣ್ಣ ನಳಿಗೆ ಹಾಕಿ ಒಡೆದ ರಕ್ತನಾಳವನ್ನು ಮುಚ್ಚಲು ನೋಡುತ್ತಾರಂತೆ.

“ಬಿದ್ರಾ, ಯಾರಾದ್ರೂ ಹೊಡೆದ್ರಾ ಅಂತ ಡಾಕ್ಟ್ರು ಅಣ್ಣನ ಹತ್ರ ಕೇಳ್ತಿದ್ರು,” ಅಂದರು ಇವರು ಫೋನಿನಲ್ಲಿ. “ಅಂಥದ್ದು ಎಂತದೂ ಇಲ್ಲ ಅಂದ ಅಣ್ಣ.”

ಅತ್ತೆ ನನ್ನ ಪಕ್ಕದಲ್ಲೇ ಕೂತು ಅವಲಕ್ಕಿ ಆರಿಸುತ್ತಿದ್ದರು. ತಲೆ ಎತ್ತಿ ನನ್ನ ಮುಖ ನೋಡಿದರು. ಮತ್ತೆ ಅವಲಕ್ಕಿ ಆರಿಸಿದರು. ಹೌದಲ್ಲ, ಹೊಡೆದದ್ದು ಯಾರು? ಯಾರೂ ಹೊಡೆಯಲಿಲ್ಲ.

ಮಾರ್ಚ್ ೧೧, ಬುಧವಾರ

ರಕ್ತ ನಿಲ್ಲಲಿಲ್ಲ. ಬಲಗಡೆಯ ಮೂತ್ರಪಿಂಡ ತೆಗೆದುಬಿಟ್ಟರು. ಜೀವ ಇದೆ.

ಮಾರ್ಚ್ ೧೪, ಶನಿವಾರ

ಅತ್ತೆ, ರಂಜಿತಾ, ನಾನು ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬಂದೆವು. ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಉಮಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮೂಗಿಗೆ ನಳಿಗೆ, ಪಕ್ಕೆಯಿಂದ ಒಂದು ನಳಿಗೆ, ಕೆಳಗೆ ಇನ್ನೊಂದು. ಕೆಳಗಿನ ಚೀಲದಲ್ಲಿ ಇನ್ನೂ ಸ್ವಲ್ಪ ಕೆಂಪಿತ್ತು. ಅವಳು ಎಚ್ಚರವಿದ್ದರೆ ಎಂತ ಮಾತಾಡಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎಚ್ಚರವಿರಲಿಲ್ಲ, ಬದುಕಿದೆ ಅನ್ನಿಸಿತು.

ರಂಜಿತಾ ಬಿಕಾಂ ಓದಿದವಳು. ಮಂಚಕ್ಕೆ ತೂಗುಹಾಕಿದ ಕಾಗದ ಓದಿ ನಮಗೆ ಹೇಳಿದಳು. “ಸ್ಪಾಂಟೇನಿಯಸ್ ಅಂತ ಬರೆದಿದಾರೆ ಚಿಕ್ಕಿ. ಅಂದ್ರೆ ತನ್ನಷ್ಟಕ್ಕೇ ಆದದ್ದು. ಯಾರೂ ಎಂತ ಮಾಡದೆ ತಾನಾಗೇ ರಕ್ತ ಬಂದದ್ದು.”

ಇನ್ನೊಂದು ಸಲ ಓದು ಅಂದೆ. ಓದಿದಳು. ಅಷ್ಟು ದೊಡ್ಡ ಆಸ್ಪತ್ರೆ, ಅಷ್ಟು ಓದಿದ ಡಾಕ್ಟರು, ಅವರೇ ಬರೆದಿದ್ದಾರೆ. ಹೊರಗೆ ಬಂದು ಮೂವರೂ ಚಾ ಕುಡಿದೆವು. ನಾನು ಬನ್ ಕೂಡ ತಿಂದೆ.

ಭಾವ ಅತ್ತೆಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಬಸ್ಸು ಹತ್ತಿದ ಮೇಲೆ ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದರು. “ಪೆಟ್ಟು ಬಿದ್ದದ್ದು ಅಂತ ಗೊತ್ತಾದ್ರೆ ಆಸ್ಪತ್ರೆಯವರು ಪೊಲೀಸಿಗೆ ಬರೆಯೂಕೇಬೇಕಂತೆ. ಹೆಣ್ಣಿನ ನಿಶ್ಚಯ ಹತ್ರ ಬಂತು. ಯಾರೂ ಎಂತ ಆಡೂದು ಬ್ಯಾಡ. ಕೇಳ್ತಾ?” ಕೇಳಿತು ಅಂದೆ.

ಮಾರ್ಚ್ ೧೬, ಸೋಮವಾರ

ಹಬ್ಬದ ಹೊಲಿಗೆ ರಾಶಿ ಬಿದ್ದಿದೆ. ಮಿಷನ್ನನ್ನು ಬಲಗಾಲು ಒಂದರಲ್ಲೇ ತುಳಿಯಬಹುದು, ಇಷ್ಟು ವರ್ಷ ಗೊತ್ತಿರಲಿಲ್ಲ. ನಿಧಾನ, ಆದರೆ ಆಗುತ್ತದೆ.

ತೋಟದ ಕೆಲಸದ ಈರ ಬೆಳಿಗ್ಗೆ ಸೊಂಟ ಬಗ್ಗಿಸಿಕೊಂಡು ಬಂದಿದ್ದ. ತೆಂಗಿನ ಮರದಿಂದ ಇಳಿಯುವಾಗ ಉಳುಕಿತಂತೆ. ಬಂದವನು ಬಂದ ಹಾಗೆ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟ. ನನ್ನ ಕಾಲಿಗೆ ಮುಳ್ಳು ಚುಚ್ಚಿದೆ, ಊರುವುದಕ್ಕೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. “ಒದೂದು ಬ್ಯಾಡ, ಮೆಲ್ಲ ತಾಗ್ಸು ಸಾಕೆ ಅಕ್ಕ,” ಅಂದ. ಆಸ್ಪತ್ರೆಗೆ ಹೋಗೋ ಎಂದು ಜೋರು ಮಾಡಿದೆ. ಹೆದರಿಕೊಂಡು ಎದ್ದು ಹೋದ, ಪಾಪ.

ಮಾರ್ಚ್ ೧೯, ಗುರುವಾರ

ಯುಗಾದಿ. ಎರಡು ಮನೆಯಲ್ಲೂ ಹಬ್ಬ ಮಾಡಲಿಲ್ಲ.

ಮಾರ್ಚ್ ೨೦, ಶುಕ್ರವಾರ

ಇವತ್ತು ಡಾಕ್ಟರ್ ಶಿಶಿರ ಎಲ್ಲರನ್ನೂ ಕರೆಸಿದ್ದರು. ಉಮಕ್ಕನನ್ನು ನೋಡುತ್ತಿರುವವರು ಅವರೇ. ವಯಸ್ಸು ಸಣ್ಣದು, ಮಾತು ಮೆತ್ತಗೆ. ಕಂಪ್ಯೂಟರಿನಲ್ಲಿ ಕಪ್ಪು ಬಿಳಿ ಚಿತ್ರ ತೋರಿಸಿದರು.

ಎಡಗಡೆಯ ಮೂತ್ರಪಿಂಡದಲ್ಲೂ ಅಂಥದ್ದೇ ಗಡ್ಡೆ ಇದೆ. ಸಣ್ಣದು, ಅಡಿಕೆಯಷ್ಟು.

“ಇಷ್ಟು ಸಣ್ಣದಾದರೆ ನಾವು ಸಾಮಾನ್ಯವಾಗಿ ಮುಟ್ಟುವುದಿಲ್ಲ,” ಅಂದರು. “ಆದರೆ ಇವರದ್ದು ಬಲಗಡೆಯದು ಯಾವ ಪೆಟ್ಟೂ ಇಲ್ಲದೆ ತಾನಾಗಿ ಒಡೆದಿದೆ. ಹಾಗಾಗಿ ಎಡಗಡೆಯದನ್ನೂ ನಂಬುವ ಹಾಗಿಲ್ಲ. ಇದು ಒಡೆದರೆ ಬೇರೆ ಮೂತ್ರಪಿಂಡ ಇಲ್ಲ. ತೆಗೆಯುವುದು ಒಳ್ಳೆಯದು. ಆದರೆ ಗಡ್ಡೆ ಇರುವ ಜಾಗ ಕಷ್ಟದ್ದು, ದೊಡ್ಡ ರಕ್ತನಾಳದ ಬುಡದಲ್ಲೇ ಇದೆ. ಕೈ ಹಾಕಿದರೆ ಮೂತ್ರಪಿಂಡ ಪೂರ್ತಿ ಹೋಗುವ ಸಾಧ್ಯತೆಯೂ ಇದೆ. ಹೋದರೆ ಜೀವನಪೂರ್ತಿ ಡಯಾಲಿಸಿಸ್.”

ಭಾವ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಡಾಕ್ಟರು ಮತ್ತೊಮ್ಮೆ ಕೇಳಿದರು, ಯಾವ ಪೆಟ್ಟೂ ಇಲ್ಲವಷ್ಟೇ, ಪಕ್ಕಾ? ಪಕ್ಕಾ ಅಂದ ಭಾವ. ಅವನಿಗೆ ನಿಜಕ್ಕೂ ಹೊಳೆದಿಲ್ಲವೋ, ಅತ್ತೆ ಬಾಯಿ ಮುಚ್ಚಿಸಿದ್ದಾರೋ. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಕೆಮ್ಮಿದೆ. ಮತ್ತೆ ಮುಚ್ಚಿದೆ. ಆಪರೇಷನ್ ಮಂಗಳವಾರ ಎಂದಾಯಿತು.

ಬರುವಾಗ ಭಟ್ಕಳದಲ್ಲಿ ಒಬ್ಬ ಬುರ್ಖಾದ ಹೆಂಗಸು ಹತ್ತಿ ನನ್ನ ಪಕ್ಕ ಕೂತರು. ನಾನು ಅಳುತ್ತಿದ್ದೆ ಅಂತ ಕಾಣುತ್ತದೆ, ನೀರಿನ ಬಾಟಲಿ ಕೊಟ್ಟು ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಹೇಳಿದೆ. ಅವರ ತಮ್ಮನಿಗೆ ಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷವಂತೆ. “ವಾರಕ್ಕೆ ಮೂರು ದಿನ, ಒಂದೊಂದು ದಿನ ನಾಕು ತಾಸು,” ಅಂದರು. “ಬಾಯಾರಿದ್ರೂ ನೀರು ಕುಡಿಯೋಕಿಲ್ಲ, ಅಳತೆ ಮಾಡಿ ಕೊಡ್ತೇವೆ. ಸೂಜಿ ಚುಚ್ಚಿ ಚುಚ್ಚಿ ಅವನ ಕೈ ನೋಡೋಕೆ ಆಗೋದಿಲ್ಲಮ್ಮ. ದುವಾ ಮಾಡ್ತೇನೆ, ನಿಮ್ಮವರಿಗೆ ಅದು ಬರೋದು ಬೇಡ.” ಹೊನ್ನಾವರದಲ್ಲಿ ಇಳಿಯುವಾಗ ನನ್ನ ಕೈ ಒತ್ತಿ ಹೋದರು.

ಮಾರ್ಚ್ ೨೧, ಶನಿವಾರ

ಹಿಂದೆ ಬರೆದದ್ದನ್ನು ತಿರುಗಿಸಿ ಓದಿದೆ. ಎಂಟನೇ ತಾರೀಕಿನದು ಸುಳ್ಳು. ನನಗೊಬ್ಬಳಿಗೇ ಎಂದು ಬರೆಯುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನಲ್ಲ, ಎಂಥ ಹೆಂಗಸು ನಾನು.

ಮೊದಲನೆಯದು ತಾಗಿಸಿದ್ದೇ ಹೌದು. ಎರಡನೆಯದಕ್ಕೆ ಅವಳು “ಅಯ್ಯೋ ಸಾಕೆ, ಸಾಕು” ಅಂದಳು. ಎರಡು ಕೈಯಲ್ಲೂ ಹೊಸ್ತಿಲು ಹಿಡಿದುಕೊಂಡಿದ್ದಳು. ಆಗ ಬಿಡಬೇಕಿತ್ತು. ಬಿಡಬಾರದು ಎಂದು ಕಟ್ಟಳೆ ಏನಿಲ್ಲ, ನಡುವೆ ಎದ್ದು ಹೋದವರು ಎಷ್ಟೋ ಜನ ಇದ್ದಾರೆ. ನನಗೆ ಅವಳ ಬೆನ್ನು ಕಂಡಿತು. ಬೆನ್ನ ಮೇಲೆ ಹಳೇ ರವಿಕೆ, ನಾನೇ ಹೊಲಿದದ್ದು. ಮನೆಯಲ್ಲಿ ಹಾಕಿ ಹರಿಯುವುದಕ್ಕೆ ನನ್ನದು, ನಾಲ್ಕು ಜನರ ಮುಂದೆ ಉಡುವುದಕ್ಕೆ ಕುಮಟಾದ್ದು ಅಂದುಕೊಂಡೆ. ಕಾಲನ್ನು ಹಿಂದಕ್ಕೆ ತೆಗೆದೆ. ಒದ್ದೆ. ಒಳಗೆ ಎಂತದೋ ಮೆತ್ತಗೆ ಸರಿದದ್ದು ಹಿಮ್ಮಡಿಗೆ ಗೊತ್ತಾಯಿತು. ಉಳುಕು ಬಿಟ್ಟಿತು ಎಂದುಕೊಂಡೆ. ಖುಷಿಯೂ ಆಯಿತು.

ಸಂಜೆ ಇವರಿಗೆ ಹೇಳಿದೆ. ರವಿಕೆಯ ಮಾತು ಬಿಟ್ಟು ಉಳಿದದ್ದು. “ನೀ ಒದೀದೆ ಇದ್ರೂ ಆಗೂದೇ ಆಗಿತ್ತು, ಗಡ್ಡೆ ಇತ್ತಲ್ಲ,” ಅಂದರು ಇವರು. “ಈಗ ಹೇಳಿ ಎಂತ ಬತ್ತದೆ? ಹೋದ ಕಿಡ್ನಿ ಬತ್ತದಾ?”

“ಇದ್ದದ್ದು ಉಳೀತದೆ,” ಅಂದೆ.

“ನಿಂಗೆ ಡಾಕ್ಟ್ರಿಗಿಂತ ಜಾಸ್ತಿ ಗೊತ್ತಾ?” ಎಂದು ಎದ್ದು ಹೊರಗೆ ಹೋದರು.

ಮಾರ್ಚ್ ೨೩, ಸೋಮವಾರ

ಹೊನ್ನಾವರದಲ್ಲಿ ದಾರ, ಗುಂಡಿ ತರುವುದಿದೆ ಎಂದು ಹೇಳಿ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಇಳಿಯಲಿಲ್ಲ. ಶರಾವತಿ ಸೇತುವೆ ದಾಟುವಾಗ ಇನ್ನೂ ತಿರುಗಿ ಹೋಗಬಹುದು ಅನ್ನಿಸಿತು. ಭಟ್ಕಳದಲ್ಲೂ ಅನ್ನಿಸಿತು. ಬಸ್ಸು ನಿಲ್ಲಿಸಿ ಅಂದರೆ ಕಂಡಕ್ಟರ್ ಬೈಯುತ್ತಾನೆ ಎಂದು ಸುಮ್ಮನೆ ಕೂತೆ.

ಡಾಕ್ಟರು ಸಿಕ್ಕಿದ್ದು ಹನ್ನೊಂದಕ್ಕೆ. ಎದ್ದು ಹೊರಟಿದ್ದರು, ನಾನು ಬಾಗಿಲಿಗೆ ಅಡ್ಡ ನಿಂತೆ.

“ಉಮಾ ಅವರನ್ನು ನಾನು ಒದ್ದಿದ್ದೆ. ಎಂಟನೇ ತಾರೀಕು ಬೆಳಿಗ್ಗೆ. ನೋವಿದ್ದ ಕಡೆಗೇ.”

“ಒದ್ದದ್ದಾ? ಜಗಳವಾ?”

“ಅಲ್ಲ, ಔಷಧಿಗೆ.”

ಅವರು ಕುರ್ಚಿಯಲ್ಲಿ ಕೂತರು. ನನಗೂ ಕೂರಲು ಹೇಳಿದರು. ಕಾಲು ಮುಂದಾಗಿ ಹುಟ್ಟಿದ್ದು, ಹೊಸ್ತಿಲು, ಮೂರು ಸಲ, ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಅವರ ಅಜ್ಜಿಗೂ ಯಾರೋ ಹೀಗೆ ಮಾಡುತ್ತಿದ್ದರಂತೆ.

“ಎಷ್ಟು ಜೋರಾಗಿ?”

“ಮೂರನೆಯದು ಜೋರು.”

“ಅದು ಯಾಕೆ?”

“ಸಿಟ್ಟಿತ್ತು ಸರ್.”

ಎಲ್ಲ ಬರೆದುಕೊಂಡರು. ಸಿಟ್ಟನ್ನೂ ಬರೆದರೋ ಗೊತ್ತಿಲ್ಲ. ಉಚ್ಚೆ ಮೊದಲೇ ಕೆಂಪಗಿತ್ತು ಎಂಬುದನ್ನು ಎರಡೆರಡು ಸಲ ಕೇಳಿದರು. ನಾನು ಉಷ್ಣ ಅಂದದ್ದನ್ನೂ ಹೇಳಿದೆ.

“ಹಾಗಾದರೆ ಆ ಗಡ್ಡೆ ಮೊದಲೇ ಸ್ವಲ್ಪ ಸೋರುತ್ತಿದ್ದಿರಬೇಕು,” ಅಂದರು. “ನೀವು ಒದೆಯದಿದ್ದರೂ ಯಾವತ್ತೋ ಒಡೆಯುತ್ತಿತ್ತೇನೋ. ಒಡೆಯುತ್ತಿರಲಿಲ್ಲವೇನೋ. ಅದನ್ನು ಇನ್ನು ಯಾರಿಂದಲೂ ಹೇಳಲು ಆಗುವುದಿಲ್ಲ. ಆದರೆ ಎಡಗಡೆಯ ವಿಚಾರ ಬೇರೆ. ಪೆಟ್ಟು ಬಿದ್ದು ಒಡೆದದ್ದು ಎಂದಾದರೆ, ಅಡಿಕೆಯಷ್ಟು ಗಡ್ಡೆಗೆ ಇಷ್ಟು ದೊಡ್ಡ ಅಪಾಯ ನಾವು ತೆಗೆದುಕೊಳ್ಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾ ಇರೋಣ.”

ನಾಳೆ ಆಪರೇಷನ್ ಇಲ್ಲ ಎಂದು ನರ್ಸಿಗೆ ನನ್ನ ಮುಂದೆಯೇ ಫೋನ್ ಮಾಡಿದರು. ಆಮೇಲೆ ಅಂದರು, “ಪೊಲೀಸರಿಗೆ ಚೀಟಿ ಕಳಿಸಲೇಬೇಕು, ನನ್ನ ಕೈಯಲ್ಲಿಲ್ಲ. ಹೆದರಬೇಡಿ.” ಹೆದರಿಕೆ ಆಯಿತು. ಉಮಕ್ಕನ ವಾರ್ಡಿಗೆ ಹೋಗುವ ಧೈರ್ಯ ಬರಲಿಲ್ಲ.

ಮಾರ್ಚ್ ೨೭, ಶುಕ್ರವಾರ

ಆಸ್ಪತ್ರೆಯಲ್ಲಿ ಪೊಲೀಸರು ಉಮಕ್ಕನ ಹೇಳಿಕೆ ತೆಗೆದುಕೊಂಡರಂತೆ. ಒದೆಯಲು ತಾನೇ ಹೇಳಿದ್ದು, ದೂರು ಗೀರು ಎಂತದೂ ಇಲ್ಲ ಎಂದು ಹೇಳಿ ಸಹಿ ಹಾಕಿದಳಂತೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇವತ್ತು ಮಧ್ಯಾಹ್ನ ನಮ್ಮ ಕಡೆಯ ಇಬ್ಬರು ಪೊಲೀಸರು ಬೈಕಿನಲ್ಲಿ ಬಂದರು. ಹೊಸ್ತಿಲು ನೋಡಿದರು, ಫೋಟೊ ತೆಗೆದರು, ನನ್ನ ಹೇಳಿಕೆ ಬರೆದುಕೊಂಡರು. ಅಂಗಳದ ಬೇಲಿಯುದ್ದಕ್ಕೂ ಜನ ನಿಂತಿದ್ದರು. ನಾನು ರವಿಕೆ ಹೊಲಿದುಕೊಟ್ಟ ಹೆಂಗಸರೇ ಎಲ್ಲರೂ.

ಅವರು ಹೋದ ಮೇಲೆ ಅತ್ತೆ ಚಾ ಲೋಟ ನನ್ನ ಮುಂದೆ ಕುಕ್ಕಿದರು. “ದಾರ ತರೂಕೆ ಹೋದವ್ಳು ಎಂತ ತಂದೆ ನೋಡು,” ಅಂದರು. ಸಂಜೆ ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ.

ಏಪ್ರಿಲ್ ೧, ಬುಧವಾರ

ಮೊನ್ನೆ ಮಿರ್ಜಾನದವರು ಫೋನ್ ಮಾಡಿದರು. ಸದ್ಯಕ್ಕೆ ಬೇಡ, ಮುಂದೆ ನೋಡುವ ಅಂದರಂತೆ. ಮುಂದೆ ನೋಡುವ ಅಂದರೆ ಏನು ಎಂದು ಎಲ್ಲರಿಗೂ ಗೊತ್ತು. ವಾರಗಿತ್ತಿಯರು ಹೊಡೆದಾಡಿಕೊಂಡು ಪೊಲೀಸರು ಬಂದ ಮನೆಯಂತೆ ನಮ್ಮದು. ರಂಜಿತಾ ಎರಡು ದಿನದಿಂದ ಕೋಣೆಯಿಂದ ಹೊರಗೆ ಬಂದಿಲ್ಲ. ಬಾಗಿಲ ಹೊರಗೆ ನಿಂತು ಕರೆದೆ. “ಹೋಗಿ ಚಿಕ್ಕಿ,” ಅಂದಳು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಇವರು ಮಾತಾಡುತ್ತಿಲ್ಲ. ಭಾವ ಅಂಗಳ ದಾಟುವಾಗ ನನ್ನ ಕಡೆ ನೋಡುವುದಿಲ್ಲ. ಹೊಲಿಗೆಗೆ ಕೊಟ್ಟವರಲ್ಲಿ ನಾಲ್ವರು ಬಟ್ಟೆ ವಾಪಸು ಒಯ್ದರು. ಅರ್ಜೆಂಟು ಇತ್ತು ಅಂದರು. ಹೋಗಲಿ.

ಏಪ್ರಿಲ್ ೯, ಗುರುವಾರ

ಉಮಕ್ಕ ಮನೆಗೆ ಬಂದು ಮೂರು ದಿನವಾಯಿತು. ಮೊದಲ ಎರಡು ದಿನ ನಾನು ಆ ಕಡೆ ಹೋಗಲಿಲ್ಲ. ಇವತ್ತು ಭಾವ ಕೆಲಸಕ್ಕೆ ಹೋಗಿದ್ದ, ಅತ್ತೆ ಬಾವಿಯ ಹತ್ತಿರ ಇದ್ದರು. ಉಪ್ಪು ಹಾಕದೆ ಗಂಜಿ ಮಾಡಿ, ಸೋರೆಕಾಯಿ ಪಲ್ಯದ ಜೊತೆ ಒಯ್ದೆ.

ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಆಗಿಬಿಟ್ಟಿದ್ದಾಳೆ. ಕುತ್ತಿಗೆಯ ಎಲುಬು ಎಣಿಸಬಹುದು. ರವಿಕೆ ತೋಳಲ್ಲಿ ಜೋಲುತ್ತಿತ್ತು, ಹಿಡಿದು ಹೊಲಿದುಕೊಡುತ್ತೇನೆ ಅನ್ನಬೇಕೆಂದುಕೊಂಡು ನಾಲಿಗೆ ಕಚ್ಚಿಕೊಂಡೆ. ಗಂಜಿಯನ್ನು ಅವಳ ಪಕ್ಕಕ್ಕಿಟ್ಟು ದೂರ ನಿಂತೆ.

“ಉಮಕ್ಕ, ಮೂರನೇದು ನಾ ಬೇಕಂತ ಜೋರಾಗಿ ಒದ್ದದ್ದು,” ಅಂದೆ. “ನೀ ರವಿಕೆ ಕುಮಟಾಕ್ಕೆ ಕೊಟ್ಟೆ ಅಂತ ಸಿಟ್ಟಿತ್ತು.”

“ಗೊತ್ತದೆ,” ಅಂದಳು. “ಪಕ್ಕೆಗೆ ಬಿದ್ದಾಗಲೇ ಗೊತ್ತಾಯ್ತು.”

“ಮತ್ತೆ ಡಾಕ್ಟ್ರಿಗೆ ಎಂತಕ್ಕೆ ಹೇಳ್ಲಿಲ್ಲ?”

“ಅವ್ರು ಎರಡು ಸಲ ಕೇಳಿದ್ರು. ಎರಡು ಸಲನೂ ಇಲ್ಲ ಅಂದೆ.” ಉಸಿರು ಸಾಲದೆ ಗೋಡೆಗೆ ತಲೆ ಆನಿಸಿದಳು. “ಎಡಗಡೇದು ಹೋದ್ರೆ ಹೋಗ್ಲಿ, ಡಯಾಲಿಸಿಸ್ ಮಾಡ್ಕಂಡು ನಾಕು ವರ್ಷ ಬದುಕ್ತೆ, ಮಗಳ ಮದುವೆ ಒಂದು ಆಗ್ಲಿ ಅಂದ್ಕಂಡಿದ್ದೆ. ನೀ ಒದ್ದದ್ದನ್ನ ನಾ ನುಂಗ್ಕಂಡಿದ್ದೆ ಕಲ್ಪನಾ. ನೀ ಹೋಗಿ ಹೇಳ್ದೆ. ಅದನ್ನ ನುಂಗೂಕೆ ನನ್ನ ಹತ್ರ ಆಗೂದಿಲ್ಲ.”

ನನಗೆ ಇದು ಹೊಳೆದೇ ಇರಲಿಲ್ಲ. ಅವಳ ಜೀವ ಉಳಿಸಲು ನಾನೊಬ್ಬಳೇ ಎಲ್ಲರನ್ನೂ ಎದುರು ಹಾಕಿಕೊಂಡೆ ಎಂದು ಒಳಗೊಳಗೇ ಜಂಬ ಇತ್ತು. ಅವಳು ಆ ಜೀವವನ್ನು ಆಗಲೇ ಮಗಳಿಗೆ ಎಂದು ತೆಗೆದಿಟ್ಟುಬಿಟ್ಟಿದ್ದಳು. ಹೊರಗೆ ಅತ್ತೆ ಕೊಡ ಇಳಿಸಿದ ಸದ್ದಾಯಿತು.

“ಒಂದು ಹೇಳು,” ಅಂದಳು ಉಮಕ್ಕ. “ನನ್ನ ಎಡಗಡೇದನ್ನ ಉಳಿಸೂಕೆ ಹೇಳಿದ್ಯಾ, ನಿನ್ನ ಮನಸ್ಸು ಹಗುರ ಮಾಡ್ಕಂಬೂಕೆ ಹೇಳಿದ್ಯಾ?”

“ಎರಡಕ್ಕೂ,” ಅಂದೆ.

“ಹಗುರ ಆತಾ?”

“ಇಲ್ಲ.”

“ಆಗೂದೂ ಬ್ಯಾಡ,” ಅಂದಳು. ಗಂಜಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಉಣ್ಣತೊಡಗಿದಳು.